ಬೈಕ್ ತಾನಾಗಿ ಬಿತ್ತೋ, ಕಾರು ಗುದ್ದಿತೋ? ಅನುಮಾನದ ಅಪಘಾತ ಕ್ಲೇಮ್‌ಗಳನ್ನು ಪರೀಕ್ಷಿಸುವುದು ಹೇಗೆ

ರಾತ್ರಿ ಹತ್ತರ ಸುಮಾರು. ತಾಲ್ಲೂಕು ಪಟ್ಟಣದಿಂದ ಊರಿಗೆ ಹೊರಟ ಯುವಕನೊಬ್ಬ ಬೈಕ್ ಸಮೇತ ಬಿದ್ದು ಬಲಗಾಲು ಮುರಿದುಕೊಂಡಿದ್ದಾನೆ. ದಾರಿಹೋಕರು ಆಸ್ಪತ್ರೆಗೆ ತಂದು ಸೇರಿಸಿದ್ದಾರೆ. ಡ್ಯೂಟಿ ಡಾಕ್ಟರು ಎಂಎಲ್‌ಸಿ ರಿಜಿಸ್ಟರಿನಲ್ಲಿ ‘ಬೈಕ್ ಸ್ಕಿಡ್ ಆಗಿ ಬಿದ್ದದ್ದು’ ಎಂದು ಬರೆದುಕೊಂಡಿದ್ದಾರೆ. ಐದು ದಿನ ಕಳೆದ ಮೇಲೆ ಅವನ ಅಣ್ಣ ಠಾಣೆಗೆ ಹೋಗಿ ದೂರು ಕೊಡುತ್ತಾನೆ: ಎದುರಿನಿಂದ ಬಂದ ಬಿಳಿ ಕಾರು ಗುದ್ದಿತು, ನಂಬರು ಇಂಥದ್ದು. ಆ ಕಾರಿನ ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಮುಂದಿನ ಬಂಪರಿನಲ್ಲಿ ಒಂದು ಗೀರೂ ಇದೆ.

ಇದು ನಾವು ಕಟ್ಟಿದ ಉದಾಹರಣೆ. ಆದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳ ತೀರ್ಪುಗಳನ್ನು ಓದುವವರಿಗೆ ಇಂಥ ಕಥೆ ಹೊಸದಲ್ಲ. ಓದಿದ ತಕ್ಷಣ ನಿಮಗೆ ಏನನ್ನಿಸಿತು? ‘ಸುಳ್ಳು ಕೇಸು, ಕಾರನ್ನು ಆಮೇಲೆ ಸೇರಿಸಿದ್ದಾರೆ’ ಎಂದು ಅನ್ನಿಸಿರಬಹುದು. ನಿಜ ಹೇಳಬೇಕೆಂದರೆ ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಪ್ರಜ್ಞೆಯಿಲ್ಲದ ಹುಡುಗನನ್ನು ತಂದ ದಾರಿಹೋಕರಿಗೆ ಕಾರಿನ ವಿಷಯ ಗೊತ್ತಿರಬೇಕೆಂದೇನೂ ಇಲ್ಲವಲ್ಲ. ಅವರು ಕಂಡದ್ದು ಬಿದ್ದ ಬೈಕ್ ಮಾತ್ರ. ಮನೆಯವರು ಐದು ದಿನ ಐಸಿಯು ಬಾಗಿಲಲ್ಲಿ ಕೂತಿದ್ದರೆ ಠಾಣೆಗೆ ಹೋಗುವುದು ತಡವಾಗದೆ ಇನ್ನೇನು? ಅದೇ ದಾಖಲೆಗಳು, ಅದೇ ದಿನಾಂಕಗಳು, ಕಥೆ ಮಾತ್ರ ಎರಡು. ಇವೆರಡರಲ್ಲಿ ಯಾವುದು ನಡೆದದ್ದು ಎಂದು ಹೇಗೆ ತಿಳಿಯುತ್ತಾರೆ?

ಕಾರು ಯಾಕೆ ಬೇಕಾಗುತ್ತದೆ?

ತನಿಖೆಯ ವಿಜ್ಞಾನಕ್ಕೆ ಹೋಗುವ ಮೊದಲು ಹಣದ ಲೆಕ್ಕ ನೋಡಬೇಕು. ಇದು ಗೊತ್ತಿಲ್ಲದಿದ್ದರೆ ಜನ ಯಾಕೆ ಸುಳ್ಳು ಹೇಳುತ್ತಾರೆ ಎಂಬುದು ಅರ್ಥವಾಗುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಿಮೆ ಮಾಡಿಸಿದವರು ಮೊದಲನೆಯವರು, ಕಂಪನಿ ಎರಡನೆಯದು, ನಿಮ್ಮ ವಾಹನದಿಂದ ಪೆಟ್ಟು ತಿಂದವರು ಮೂರನೆಯವರು. ಈ ಮೂರನೆಯವರ ಸಾವುನೋವಿಗೆ ಕೊಡುವ ಪರಿಹಾರಕ್ಕೆ ಪಾಲಿಸಿಯಲ್ಲಿ ಮೇಲ್ಮಿತಿ ಇಲ್ಲ. ದುಡಿಮೆ, ವಯಸ್ಸು, ಅಂಗವೈಕಲ್ಯ ನೋಡಿ ನ್ಯಾಯಮಂಡಳಿ ನಿಗದಿ ಮಾಡುತ್ತದೆ.

ಈಗ ಅದೇ ಹುಡುಗ ರಸ್ತೆಯ ಮೇಲಿನ ಮರಳಿಗೆ ಜಾರಿ ತಾನೇ ಬಿದ್ದನೆನ್ನಿ. ಅವನು ಮೂರನೆಯವನಲ್ಲ. ಬೈಕ್ ಅವನದೇ ಆಗಿದ್ದು, ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಇದ್ದರೆ 15 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. 2018ರಲ್ಲಿ ಈ ಮೊತ್ತವನ್ನು ಏರಿಸಲಾಯಿತು. ಆದರೆ ಅದು ಸಿಗುವುದು ಸಾವು ಅಥವಾ ಕೈಕಾಲು, ಕಣ್ಣು ಕಳೆದುಕೊಂಡಂಥ ಶಾಶ್ವತ ಅಂಗವೈಕಲ್ಯಕ್ಕೆ. ಮುರಿದು ಕೂಡಿಕೊಂಡ ಕಾಲಿಗೆ, ಆರು ತಿಂಗಳ ಕೂಲಿ ನಷ್ಟಕ್ಕೆ ಅಲ್ಲ. ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದೆ ‘ಹಿಟ್ ಅಂಡ್ ರನ್’ ಆದರೆ 2022ರ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಆಪರೇಷನ್ ಮಾಡಿಸಿ ರಾಡ್ ಹಾಕಿಸಿದವರಿಗೆ 50 ಸಾವಿರ ಎಲ್ಲಿಗೆ ಸಾಲುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಕರ್ನಾಟಕದಲ್ಲಿ 2014ರಲ್ಲಿ ನಡೆದ ಒಂದು ಅಪಘಾತದಲ್ಲಿ ಕಾರು ಓಡಿಸುತ್ತಿದ್ದವರೇ ತೀರಿಕೊಂಡರು. ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತ್ತು. ಅಪಘಾತ ಅವರದೇ ಅತಿವೇಗ, ಅಜಾಗರೂಕತೆಯಿಂದ ಆದದ್ದು, ಹಾಗಾಗಿ ವಿಮಾ ಕಂಪನಿ ಕೊಡಬೇಕಿಲ್ಲ ಎಂದು ಹೈಕೋರ್ಟ್ ಹೇಳಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ಅದರಲ್ಲಿ ಮೋಸದ ಮಾತೇ ಇರಲಿಲ್ಲ, ಅದು ಕಾನೂನಿನ ಪ್ರಶ್ನೆ. ಆದರೆ ‘ತಾನೇ ಬಿದ್ದ’ ಮತ್ತು ‘ಬೇರೆಯವರು ಗುದ್ದಿದರು’ ಎಂಬ ಎರಡು ವಾಕ್ಯಗಳ ನಡುವೆ ಎಷ್ಟು ಹಣದ ಅಂತರವಿದೆ ಎಂಬುದು ಅಲ್ಲಿ ಕಾಣುತ್ತದೆ. ಆಸ್ಪತ್ರೆಯ ಬಿಲ್ ಕೈಯಲ್ಲಿ ಹಿಡಿದವರ ಹತ್ತಿರ ಬಂದು ‘ಒಂದು ಗಾಡಿ ಅರೇಂಜ್ ಮಾಡೋಣ’ ಎನ್ನುವ ಮಧ್ಯವರ್ತಿಗೆ ಜಾಗ ಸಿಗುವುದು ಈ ಅಂತರದಲ್ಲೇ.

ಇದರ ಇನ್ನೊಂದು ರೂಪ ಚಾಲಕನ ಅದಲುಬದಲು. ಓಡಿಸಿದವನಿಗೆ ಡಿಎಲ್ ಇಲ್ಲ, ಹಾಗಾಗಿ ಡಿಎಲ್ ಇರುವ ಚಿಕ್ಕಪ್ಪ ಓಡಿಸುತ್ತಿದ್ದರು ಎಂದು ಬರೆಸುವುದು. ಮೂರನೆಯದು ಹಳೆಯ ಡೆಂಟ್‌ಗಳನ್ನೆಲ್ಲ ಹೊಸ ಅಪಘಾತದ ಲೆಕ್ಕಕ್ಕೆ ಸೇರಿಸಿ ಟಿಂಕರಿಂಗ್ ಬಿಲ್ ಮಾಡಿಸುವುದು. ಇದನ್ನು ಮೋಸ ಎಂದು ಒಪ್ಪಿಕೊಳ್ಳದವರು ನಮ್ಮ ಪರಿಚಯದಲ್ಲೇ ಸಾಕಷ್ಟಿದ್ದಾರೆ.

ಪೆಟ್ಟಿಗೂ ಒಂದು ಜೊತೆ ಇರಬೇಕು

ಅಪಘಾತದ ಪರೀಕ್ಷೆಯ ಮೂಲ ತತ್ವ ತೀರಾ ಸರಳ. ಎರಡು ವಸ್ತು ತಾಗಿದರೆ ಒಂದರ ಗುರುತು ಇನ್ನೊಂದರ ಮೇಲೆ ಉಳಿಯುತ್ತದೆ. ಫ್ರಾನ್ಸಿನ ಎಡ್ಮಂಡ್ ಲೊಕಾರ್ಡ್ ಹೆಸರಿನಲ್ಲಿ ಪ್ರಸಿದ್ಧವಾದ ತತ್ವ ಇದು. ಹಾಗಾಗಿ ಪರೀಕ್ಷಕರು ಒಂದು ವಾಹನವನ್ನಷ್ಟೇ ನೋಡಿ ತೀರ್ಮಾನಿಸುವುದಿಲ್ಲ. ಬೈಕಿನ ಮೇಲಿನ ಪೆಟ್ಟಿಗೆ ಕಾರಿನ ಮೇಲೆ ಜೊತೆ ಹುಡುಕುತ್ತಾರೆ.

ಮೊದಲು ಎತ್ತರ. ಸಾಮಾನ್ಯ ಕಾರಿನ ಬಂಪರ್ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರದಲ್ಲಿರುತ್ತದೆ. ಬೈಕಿನ ಲೆಗ್ ಗಾರ್ಡ್, ಫುಟ್‌ರೆಸ್ಟ್, ಹ್ಯಾಂಡಲ್ ತುದಿ ಇವೆಲ್ಲ ಬೇರೆ ಬೇರೆ ಎತ್ತರದಲ್ಲಿವೆ. ಎರಡೂ ವಾಹನಗಳನ್ನು ಪಕ್ಕಪಕ್ಕ ನಿಲ್ಲಿಸಿ ಅಳತೆಪಟ್ಟಿ ಹಿಡಿದರೆ ಯಾವ ಗೀರಿಗೆ ಯಾವ ಭಾಗ ತಾಗಿರಬಹುದು ಎಂದು ಗೊತ್ತಾಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಮೂತಿ ಕೆಳಗೆ ಬಾಗುತ್ತದೆ. ಹಿಂದೆ ಭಾರ ತುಂಬಿದ್ದರೆ ಮೂತಿ ಮೇಲೇಳುತ್ತದೆ. ನಿಂತ ಕಾರಿನ ಅಳತೆಯಲ್ಲಿ ಎರಡು ಮೂರು ಇಂಚು ವ್ಯತ್ಯಾಸ ಬಂದ ಮಾತ್ರಕ್ಕೆ ‘ಹೊಂದುವುದಿಲ್ಲ’ ಎನ್ನುವಂತಿಲ್ಲ.

ಆಮೇಲೆ ದಿಕ್ಕು. ಉಜ್ಜಿದ ಗೀರು ಎಲ್ಲಿ ಆಳವಾಗಿದೆ, ಎಲ್ಲಿ ತೆಳುವಾಗಿದೆ, ಬಣ್ಣದ ಚಕ್ಕೆ ಯಾವ ಕಡೆಗೆ ಎದ್ದಿದೆ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಲ ಯಾವ ಕಡೆಯಿಂದ ಬಂತು ಎಂದು ತಿಳಿಯುತ್ತದೆ. ತಾನಾಗಿ ಜಾರಿ ಬಿದ್ದ ಬೈಕಿನಲ್ಲಿ ಒಂದೇ ಮಗ್ಗುಲಿನ ಚಾಚಿದ ಭಾಗಗಳೆಲ್ಲ ಸವೆದಿರುತ್ತವೆ: ಹ್ಯಾಂಡಲ್ ತುದಿ, ಲೆಗ್ ಗಾರ್ಡಿನ ಹೊರ ಅಂಚು, ಫುಟ್‌ರೆಸ್ಟ್, ಬಲಕ್ಕೆ ಬಿದ್ದರೆ ಸೈಲೆನ್ಸರ್. ಗೀರುಗಳು ಉದ್ದಕ್ಕೆ ಒಂದೇ ದಿಕ್ಕಿನಲ್ಲಿ, ಒಳಗೆ ಡಾಂಬರಿನ ಕಪ್ಪು, ಜಲ್ಲಿ ಪುಡಿ. ಎದುರಿನಿಂದ ನೇರವಾಗಿ ಗುದ್ದಿದರೆ ಮುಂದಿನ ಫೋರ್ಕ್ ಹಿಂದಕ್ಕೆ ಬಾಗುತ್ತದೆ, ರಿಮ್ ಸೊಟ್ಟಗಾಗುತ್ತದೆ, ಎರಡು ಚಕ್ರಗಳ ನಡುವಿನ ದೂರ ಕಡಿಮೆಯಾಗುತ್ತದೆ. ಬರಿ ಜಾರುವಿಕೆ ಇದನ್ನು ಮಾಡುವುದಿಲ್ಲ. ಆದರೆ ಜಾರಿ ಹೋಗಿ ಮೋರಿಗೆ ಬಡಿದರೆ ಮಾಡುತ್ತದೆ. ಅದಕ್ಕೇ ಸ್ಥಳ ನೋಡದೆ ಬರಿ ವಾಹನ ನೋಡುವುದು ಅರ್ಧ ಕೆಲಸ.

ಬಣ್ಣದ ವಿಷಯ ನಮಗೆ ಬಹಳ ಹಿಡಿಸಿತು. ಕಾರಿನ ಬಣ್ಣ ಒಂದು ಪದರವಲ್ಲ. ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಪಾರದರ್ಶಕ ಪದರ. ಎಲ್ಲ ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಅಂದರೆ ನಮ್ಮ ಒಂದೆರಡು ಕೂದಲೆಳೆಯಷ್ಟು ದಪ್ಪ. ಒಮ್ಮೆ ಟಿಂಕರಿಂಗ್ ಆಗಿ ಮತ್ತೆ ಪೇಂಟ್ ಹೊಡೆದಿದ್ದರೆ ಪದರ ಹೆಚ್ಚುತ್ತದೆ, ನಡುವೆ ಪಟ್ಟಿಯ ಪುಡಿ ಸಿಗುತ್ತದೆ. ಬೈಕಿನ ಲೆಗ್ ಗಾರ್ಡಿಗೆ ಅಂಟಿದ ಸಾಸಿವೆಯಷ್ಟು ಬಿಳಿ ಚಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ಅಡ್ಡಕೊಯ್ದು ನೋಡಿದರೆ ಪದರಗಳ ಸಾಲು ಕಾಣುತ್ತದೆ. ಅವಕೆಂಪು ಕಿರಣ ಹಾಯಿಸಿ ಒಳಗಿನ ರಾಳ ಯಾವುದೆಂದು ಪತ್ತೆ ಮಾಡಬಹುದು. ಬಿಳಿ ಕಾರು ರಸ್ತೆ ತುಂಬ ಇವೆ ನಿಜ, ಆದರೆ ಪದರಗಳ ಸಾಲು ಎಲ್ಲದರಲ್ಲೂ ಒಂದೇ ಇರುವುದಿಲ್ಲ. ಹೊಂದದಿದ್ದರೆ ಆ ಚಕ್ಕೆ ಆ ಕಾರಿನದಲ್ಲ ಎಂದು ಗಟ್ಟಿಯಾಗಿ ಹೇಳಬಹುದು. ಹೊಂದಿದರೆ ಮಾತ್ರ ‘ಇದೇ ಕಾರು’ ಎನ್ನುವಂತಿಲ್ಲ, ‘ಇಂಥ ಬಣ್ಣದ ಕಾರು’ ಎನ್ನಬಹುದು ಅಷ್ಟೇ. ಫೊರೆನ್ಸಿಕ್ ವಿಜ್ಞಾನದಲ್ಲಿ ಇಲ್ಲ ಎನ್ನುವುದು ಹೌದು ಎನ್ನುವುದಕ್ಕಿಂತ ಸುಲಭ. ಸಿನಿಮಾಗಳಲ್ಲಿ ಇದು ಉಲ್ಟಾ.

ಗಾಯಗಳೂ ಮಾತಾಡುತ್ತವೆ. ಬಂಪರ್ ನೇರವಾಗಿ ಕಾಲಿಗೆ ಬಡಿದರೆ ಮೊಣಕಾಲ ಕೆಳಗಿನ ಮೂಳೆ ಅಡ್ಡಕ್ಕೆ ಮುರಿಯುತ್ತದೆ, ಕೆಲವೊಮ್ಮೆ ಬೆಣೆಯಾಕಾರದ ತುಂಡು ಬಿಡಿಯಾಗುತ್ತದೆ. ಬೀಳುವಾಗ ಕಾಲು ಸಿಕ್ಕಿಕೊಂಡು ತಿರುಚಿದರೆ ಮುರಿತ ತಿರುಪಿನಂತೆ ಸುತ್ತಿಕೊಂಡು ಹೋಗುತ್ತದೆ. ಎಕ್ಸ್‌ರೇಯಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಎಕ್ಸ್‌ರೇ ಬಹುತೇಕ ಫೈಲುಗಳಲ್ಲಿ ಇದ್ದೇ ಇರುತ್ತದೆ, ಅದನ್ನು ಈ ಕಣ್ಣಿನಿಂದ ನೋಡುವವರು ಬೇಕು.

ಇನ್ನು ವೇಗದ ಲೆಕ್ಕ. ಚಕ್ರ ಲಾಕ್ ಆಗಿ ಒಣ ಡಾಂಬರಿನ ಮೇಲೆ 20 ಮೀಟರ್ ಉದ್ದದ ಕಪ್ಪು ಗೆರೆ ಬಿದ್ದು ಕಾರು ಅಲ್ಲೇ ನಿಂತಿದ್ದರೆ, ಬ್ರೇಕ್ ಒತ್ತಿದಾಗ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್ ಇತ್ತು ಎಂದು ಪಿಯುಸಿ ಭೌತಶಾಸ್ತ್ರದಲ್ಲೇ ಲೆಕ್ಕ ಹಾಕಬಹುದು. ಘರ್ಷಣಾಂಕ 0.7 ಎಂದಿಟ್ಟುಕೊಂಡರೆ ಇದು. ರಸ್ತೆ ಒದ್ದೆಯಾಗಿದ್ದು ಘರ್ಷಣಾಂಕ 0.4 ಆಗಿದ್ದರೆ ಅದೇ ಗೆರೆಗೆ ವೇಗ 45ಕ್ಕೆ ಇಳಿಯುತ್ತದೆ. ಆ ರಾತ್ರಿ ಮಳೆ ಬಂದಿತ್ತೋ ಇಲ್ಲವೋ ಎಂದು ಯಾರೂ ಬರೆದಿಡದಿದ್ದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ. ಎಬಿಎಸ್ ಇರುವ ವಾಹನಗಳು ಸ್ಪಷ್ಟ ಗೆರೆ ಬಿಡದೆಯೂ ನಿಲ್ಲಬಹುದು. ‘ಬ್ರೇಕ್ ಗುರುತೇ ಇಲ್ಲ, ಹಾಗಾಗಿ ಬ್ರೇಕ್ ಹಾಕಿಲ್ಲ’ ಎಂಬ ವಾದ ಈಗ ಹಳತಾಯಿತು.

ಹಳೆಯ ಕಾರುಗಳ ಹೆಡ್‌ಲೈಟ್ ಬಲ್ಬ್ ಕೂಡ ಸಾಕ್ಷಿ ಹೇಳುತ್ತದೆ. ಉರಿಯುತ್ತಿದ್ದ ಬಲ್ಬಿನ ಬಿಸಿ ತಂತಿ ಹೊಡೆತಕ್ಕೆ ಎಳೆದಂತೆ ಹಿಗ್ಗುತ್ತದೆ. ಆರಿದ್ದರೆ ತಣ್ಣನೆಯ ತಂತಿ ಹಾಗೇ ಇರುತ್ತದೆ, ಇಲ್ಲವೇ ಪಟ್ಟನೆ ತುಂಡಾಗುತ್ತದೆ. ‘ಲೈಟ್ ಹಾಕದೆ ಬರುತ್ತಿದ್ದ’ ಎಂಬ ಆರೋಪವನ್ನು ಇದರಿಂದ ಪರೀಕ್ಷಿಸಬಹುದು. ಎಲ್‌ಇಡಿ ಬಂದ ಮೇಲೆ ಈ ಸಾಕ್ಷಿ ಕಾಣೆಯಾಗುತ್ತಿದೆ. ಬದಲಿಗೆ ಬಂದದ್ದು ಕಾರಿನೊಳಗಿನ ದಾಖಲೆ. ಅಮೆರಿಕದ ನಿಯಮದ ಪ್ರಕಾರ ಇಂಥ ಉಪಕರಣ ಇರುವ ಕಾರುಗಳು ಡಿಕ್ಕಿಗೆ ಮುಂಚಿನ 5 ಸೆಕೆಂಡುಗಳ ವೇಗ, ಬ್ರೇಕ್, ಸೀಟ್ ಬೆಲ್ಟ್ ಮಾಹಿತಿ ಉಳಿಸಿಕೊಳ್ಳಬೇಕಿತ್ತು. ಮುಂದೆ ಇದು 20 ಸೆಕೆಂಡ್ ಆಗಬೇಕೆಂದು 2024ರಲ್ಲಿ ತೀರ್ಮಾನವಾಯಿತು. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಈ ಉಪಕರಣ ಕಡ್ಡಾಯ. ನಮ್ಮ ಕಥೆಯೇ ಬೇರೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ಸವಾರರು. ಅವರ ಸ್ಕೂಟರು, ಬೈಕುಗಳಿಂದ ಇಂಥ ದಾಖಲೆ ನಿರೀಕ್ಷಿಸುವಂತಿಲ್ಲ.

ಚಾಲಕನ ಅದಲುಬದಲನ್ನು ಪತ್ತೆ ಮಾಡುವುದರಲ್ಲಿ ಮಾತ್ರ ಕಾರಿನ ಏರ್‌ಬ್ಯಾಗ್ ಬಹಳ ಉಪಕಾರಿ. ಅದು ಉಬ್ಬಿ ಮುಖಕ್ಕೆ ಬಡಿದಾಗ ಎಂಜಲು, ಚರ್ಮದ ಕಣ, ಕೆಲವೊಮ್ಮೆ ರಕ್ತ ಬಟ್ಟೆಗೆ ಅಂಟುತ್ತದೆ. ಡಿಎನ್‌ಎ ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಬಲಬದಿಯಲ್ಲಿ ಕೂತವನ ಸೀಟ್ ಬೆಲ್ಟ್ ಗುರುತು ಬಲ ಭುಜದಿಂದ ಎಡ ಸೊಂಟಕ್ಕೆ ಇಳಿಯುತ್ತದೆ, ಪಕ್ಕದ ಸೀಟಿನವನದು ಎಡ ಭುಜದಿಂದ ಬಲಕ್ಕೆ. ಚಿಕ್ಕಪ್ಪನ ಎದೆಯ ಮೇಲೆ ಯಾವ ಗುರುತಿದೆ ಎಂದು ಮೊದಲ ದಿನವೇ ನೋಡಿದ್ದರೆ ಮುಂದಿನ ಐದು ವರ್ಷದ ವಾದ ಉಳಿಯುತ್ತಿತ್ತು.

‘ಇಷ್ಟೆಲ್ಲ ಯಾಕೆ, ಸುಳ್ಳುಪತ್ತೆ ಯಂತ್ರಕ್ಕೆ ಕೂರಿಸಿದರೆ ಆಯಿತಲ್ಲ’ ಎಂದು ಕೇಳುವವರಿದ್ದಾರೆ. ಒಪ್ಪಿಗೆಯಿಲ್ಲದೆ ಯಾರನ್ನೂ ಹಾಗೆ ಕೂರಿಸುವಂತಿಲ್ಲ ಎಂದು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲದೆ ಆ ಯಂತ್ರ ಅಳೆಯುವುದು ಎದೆಬಡಿತ, ಉಸಿರಾಟ, ಬೆವರನ್ನು. ಸತ್ಯವನ್ನಲ್ಲ.

ಅನುಮಾನ ಎಂದರೆ ಸುಳ್ಳು ಎಂದಲ್ಲ

ವಾಟ್ಸ್‌ಆಪ್‌ನಲ್ಲಿ ಆಗಾಗ ಬರುವ ‘ನಕಲಿ ಕ್ಲೇಮ್ ಗುರುತಿಸುವ ಲಕ್ಷಣಗಳು’ ಎಂಬ ಪಟ್ಟಿ ನೀವೂ ನೋಡಿರಬಹುದು. ರಾತ್ರಿ ನಡೆದದ್ದು, ಸಾಕ್ಷಿ ಇಲ್ಲ, ದೂರು ತಡ, ಏರ್‌ಬ್ಯಾಗ್ ತೆರೆದಿಲ್ಲ, ಪಾಲಿಸಿ ಮಾಡಿಸಿ ತಿಂಗಳಾಗಿಲ್ಲ, ಹೀಗೆ. ಪಟ್ಟಿ ಪೂರ್ತಿ ತಪ್ಪಲ್ಲ. ಎಲ್ಲಿ ಹೆಚ್ಚು ನೋಡಬೇಕು ಎಂದು ಅದು ಹೇಳುತ್ತದೆ. ತೊಂದರೆ ಇರುವುದು ಅದನ್ನೇ ತೀರ್ಪು ಎಂದುಕೊಂಡಾಗ.

ಒಂದು ಲೆಕ್ಕ ನೋಡೋಣ. ಇವು ಕಲ್ಪಿತ ಅಂಕಿಗಳು, ಯಾವ ಸಮೀಕ್ಷೆಯವೂ ಅಲ್ಲ. ಸಾವಿರ ಕ್ಲೇಮ್‌ಗಳಿವೆ, ಅದರಲ್ಲಿ 50 ಸುಳ್ಳು. ‘ದೂರು ತಡ’ ಎಂಬ ಲಕ್ಷಣ ಸುಳ್ಳು ಕ್ಲೇಮ್‌ಗಳಲ್ಲಿ ಶೇಕಡ 80ರಷ್ಟರಲ್ಲಿದೆ, ನಿಜವಾದವುಗಳಲ್ಲಿ ಬರಿ ಶೇಕಡ 10ರಷ್ಟರಲ್ಲಿ. ಕೇಳಿದರೆ ಒಳ್ಳೆಯ ಲಕ್ಷಣ ಅನ್ನಿಸುತ್ತದೆ. ಈಗ ಎಣಿಸಿ: ಸುಳ್ಳಿನಲ್ಲಿ ಸಿಕ್ಕಿದ್ದು 40. ನಿಜವಾದ 950ರಲ್ಲಿ ಸಿಕ್ಕಿದ್ದು 95. ಅನುಮಾನದ ಬುಟ್ಟಿಗೆ ಬಿದ್ದ 135 ಜನರಲ್ಲಿ 95 ಮಂದಿ ಪ್ರಾಮಾಣಿಕರು. ಒಂದೇ ಲಕ್ಷಣ ನೋಡಿ ಕ್ಲೇಮ್ ತಳ್ಳಿಹಾಕಿದರೆ ಒಬ್ಬ ಮೋಸಗಾರನ ಜೊತೆಗೆ ಇಬ್ಬರಿಗೂ ಹೆಚ್ಚು ಅಮಾಯಕರನ್ನು ಬೀದಿಗೆ ಹಾಕಿದಂತಾಗುತ್ತದೆ. ಬೇರೆ ಬೇರೆ ಮೂಲದಿಂದ ಬಂದ ಎರಡು ಮೂರು ಸಂಗತಿಗಳು ಒಂದೇ ಕಡೆಗೆ ಬೆರಳು ತೋರಿಸಬೇಕು ಎನ್ನುವುದು ಈ ಕಾರಣಕ್ಕೆ. ಎಂಎಲ್‌ಸಿ ಒಂದು ಮೂಲ, ಎಕ್ಸ್‌ರೇ ಇನ್ನೊಂದು, ಲೆಗ್ ಗಾರ್ಡಿನ ಬಣ್ಣ ಮತ್ತೊಂದು.

2011ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬೇರೆ ಮಾತಿನಲ್ಲಿ ಹೇಳಿತ್ತು. ಅಪಘಾತವಾದಾಗ ಮನೆಯವರು ಮೊದಲು ಓಡುವುದು ಆಸ್ಪತ್ರೆಗೆ, ಠಾಣೆಗಲ್ಲ. ಆದ್ದರಿಂದ ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಿರಸ್ಕರಿಸಬಾರದು. ಆದರೆ ತಡವಾಗಿದ್ದರೆ ಉಳಿದ ಸಾಕ್ಷ್ಯವನ್ನು ಹೆಚ್ಚು ಎಚ್ಚರದಿಂದ ನೋಡಬೇಕು.

ಇನ್ನೊಂದು ಬದಿಯೂ ಅಷ್ಟೇ ನಿಜ. ಉತ್ತರ ಪ್ರದೇಶದಲ್ಲಿ ನಕಲಿ ಅಪಘಾತ ಕ್ಲೇಮ್‌ಗಳ ತನಿಖೆಗೆ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ವಿಶೇಷ ತನಿಖಾ ತಂಡ ರಚಿಸಲು ಹೇಳಿತು. 2021ರಲ್ಲಿ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಆ ತಂಡಕ್ಕೆ ಬಂದಿದ್ದ ಅನುಮಾನಾಸ್ಪದ ಪ್ರಕರಣ 1,376, ವಿಚಾರಣೆ ಮುಗಿದದ್ದು 246. ಆರೋಪಿಗಳಲ್ಲಿ ಅರ್ಜಿದಾರರಷ್ಟೇ ಅಲ್ಲ, ವಕೀಲರು, ಪೊಲೀಸರು, ವೈದ್ಯರು, ವಿಮಾ ಕಂಪನಿಗಳ ನೌಕರರೂ ಇದ್ದರು. ತನಿಖೆಯ ನಿಧಾನಕ್ಕೆ ಕೋರ್ಟ್ ಅಸಮಾಧಾನ ತೋರಿಸಿತು. 1,376 ಎಂಬುದನ್ನು ‘ಇಷ್ಟು ನಕಲಿ ಕೇಸು’ ಎಂದು ಓದುವುದು ಸುಲಭ. ಅದು ಅನುಮಾನದ ಸಂಖ್ಯೆ, ಸಾಬೀತಾದದ್ದರ ಸಂಖ್ಯೆಯಲ್ಲ. ಸಂವಹನ ಓದಿದ ನಮಗೆ ಈ ವ್ಯತ್ಯಾಸ ಕಣ್ಣಿಗೆ ಚುಚ್ಚುತ್ತದೆ, ಏಕೆಂದರೆ ಶೀರ್ಷಿಕೆಯಲ್ಲಿ ಮೊದಲು ಬಿದ್ದುಹೋಗುವುದು ‘ಅನುಮಾನಾಸ್ಪದ’ ಎಂಬ ಪದವೇ.

ಎಲ್ಲರೂ ಸೇರಿ ಮಾಡಿದ ಮೋಸದಲ್ಲಿ ಕಾಗದಗಳು ಚೆನ್ನಾಗಿಯೇ ಹೊಂದುತ್ತವೆ ಎಂಬುದನ್ನೂ ಗಮನಿಸಬೇಕು. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್ ಎಲ್ಲ ಒಂದೇ ಕಥೆ ಹೇಳುತ್ತವೆ. ಅಲ್ಲಿ ಕೈಹಿಡಿಯುವುದು ವಸ್ತುಗಳೇ.

ಆದರೆ ವಸ್ತುಗಳನ್ನು ನೋಡುವವರು ಯಾರು? ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇದೆ, ಬಣ್ಣ, ಗಾಜು, ಡಿಎನ್‌ಎ ಪರೀಕ್ಷಿಸುವುದು ಇಂಥ ಕಡೆ. ಸಾಮಾನ್ಯ ಅಪಘಾತದಲ್ಲಿ ವಾಹನ ನೋಡುವುದು ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರು. ಅವರ ವರದಿಯಲ್ಲಿ ಜಖಂಗಳ ಪಟ್ಟಿ, ಬ್ರೇಕಿನ ಸ್ಥಿತಿ, ‘ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ’ ಎಂಬ ಸಾಲು ಇರುತ್ತದೆ. ಎರಡು ವಾಹನದ ಪೆಟ್ಟು ಒಂದಕ್ಕೊಂದು ಹೊಂದುತ್ತದೆಯೇ ಎಂಬ ನಮ್ಮ ಪ್ರಶ್ನೆಗೆ ಈ ಪಟ್ಟಿ ಉತ್ತರ ಕೊಡುವುದಿಲ್ಲ. ಪಟ್ಟಿಯ ಜೊತೆ ಅಳತೆಕೋಲು ಇಟ್ಟು ತೆಗೆದ ನಾಲ್ಕು ಫೋಟೊ ಇದ್ದರೂ ಎಷ್ಟೋ ಜಗಳ ತೀರೀತು ಎಂಬುದು ನಮ್ಮ ಅಭಿಪ್ರಾಯ.

ಸ್ವಲ್ಪ ಬದಲಾವಣೆ ಆಗಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ರೂಪಿಸಿದ ಆ್ಯಪ್‌ನಲ್ಲಿ ಸ್ಥಳದ ಫೋಟೊ, ಜಿಪಿಎಸ್ ಗುರುತು ದಾಖಲಾಗುತ್ತದೆ. ಮೊದಲ ಎರಡು ದಿನದಲ್ಲೇ ಕಥೆ ದಾಖಲಾದರೆ ಆಮೇಲೆ ಅದರೊಳಗೆ ಕಾರು ಸೇರಿಸುವುದೂ ಕಷ್ಟ, ಇದ್ದ ಕಾರನ್ನು ಅಳಿಸುವುದೂ ಕಷ್ಟ.

ನಮ್ಮ ಉದಾಹರಣೆಯ ಹುಡುಗನಿಗೆ ಬರೋಣ. ನಮ್ಮಲ್ಲಿ ಎಡಬದಿಯ ಸಂಚಾರ, ಹಾಗಾಗಿ ಎದುರಿನ ವಾಹನ ಹಾದುಹೋಗುವುದು ಸವಾರನ ಬಲಕ್ಕೆ. ಅವನು ಹೇಳುವಂತೆ ನಡೆದಿದ್ದರೆ ಕಾರಿನ ಗೀರು ಅದರ ಬಲ ಮೂಲೆಯಲ್ಲಿ, ಚಾಲಕನ ಬದಿಯಲ್ಲಿ ಇರಬೇಕು. ಎಡ ಮೂಲೆಯಲ್ಲಿದ್ದರೆ ಕಾರು ಪೂರ್ತಿ ತನ್ನ ಬಲಕ್ಕೆ ಬಂದಿತ್ತೇ ಎಂಬುದಕ್ಕೆ ವಿವರಣೆ ಬೇಕು. ಬೈಕಿನ ಎಡ ಮಗ್ಗುಲು ಮಾತ್ರ ಸವೆದಿದ್ದರೆ? ಬಲದಿಂದ ತಾಗಿ ಎಡಕ್ಕೆ ಬಿದ್ದಿರಬಹುದು, ಆಗ ಬಲ ಲೆಗ್ ಗಾರ್ಡಿನಲ್ಲಿ ಒಂದು ಪೆಟ್ಟಾದರೂ ಕಾಣಬೇಕು. ಕಾಲಿನ ಮುರಿತ ಅಡ್ಡಕ್ಕಿದೆಯೋ, ತಿರುಪಿನಂತಿದೆಯೋ? ಎಂಎಲ್‌ಸಿಯಲ್ಲಿ ಆ ಮಾತು ಹೇಳಿದವರು ಯಾರು ಎಂದು ಬರೆದಿದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಪ್ರಯೋಗಾಲಯವೂ ಬೇಡ.

ಇಷ್ಟಕ್ಕೂ ಬೇಕಾದದ್ದು ಬಿದ್ದ ಹಾಗೇ ಇರುವ ಬೈಕ್. ಅದನ್ನು ಮನೆಯವರು ತೊಳೆದು, ಲೆಗ್ ಗಾರ್ಡ್ ಬಿಚ್ಚಿಸಿ ಹೊಸದು ಹಾಕಿಸಿ, ಎರಡನೇ ದಿನವೇ ಟಿಂಕರಿಂಗ್‌ಗೆ ಕೊಟ್ಟಿದ್ದರೆ, ಬಿಳಿ ಕಾರು ನಿಜವಾಗಿಯೂ ಗುದ್ದಿದ್ದರೂ ಹುಡುಗನ ಬಳಿ ಉಳಿಯುವುದು ಆ ರಾತ್ರಿ ಡ್ಯೂಟಿ ಡಾಕ್ಟರು ಬರೆದ ಒಂದು ಸಾಲು ಮಾತ್ರ.